ಆಟ ಮುಗಿದ ಮೇಲಿನ ಇಪ್ಪತ್ತನಾಲ್ಕು ಗಂಟೆ

(ಸಂಘದ ವೈದ್ಯಕೀಯ ನೆರವು ನಿಧಿಯ ಸಹಾಯಾರ್ಥ ಮುಂಬಯಿಯಲ್ಲಿ ಸೇರಿದ್ದ ಸದಸ್ಯರ ಮತ್ತು ದಾನಿಗಳ ಸಭೆಯಲ್ಲಿ ಕ್ರೀಡಾ ವೈದ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ಫೋನ್ ಮಾಡಿದಾಗ 'ಯುವಜನರು ಮತ್ತು ಕ್ರೀಡೆ' ಎಂಬ ವಿಷಯದ ಮೇಲೆ ಮಾತಾಡಿ ಎಂದರು. ಒಳ್ಳೆಯ ವಿಷಯವೇ. ಆದರೆ ಅದರ ಮೇಲೆ ನಾನು ಹೇಳಬಹುದಾದ್ದೆಲ್ಲ ನಿಮಗೆ ಮೊದಲೇ ಗೊತ್ತು: ಆಡಬೇಕು, ಹೊಟ್ಟೆ ತುಂಬ ಒಳ್ಳೆಯದನ್ನು ತಿನ್ನಬೇಕು, ಬೇಗ ಮಲಗಬೇಕು. ಹಾಗಾಗಿ ಅವರ ಒಪ್ಪಿಗೆ ಪಡೆದೇ ವಿಷಯವನ್ನು ಕಿರಿದು ಮಾಡಿಕೊಂಡಿದ್ದೇನೆ. ಮದ್ಯ ಮತ್ತು ಮಾದಕ ವಸ್ತು ಆಟವಾಡುವ ಹುಡುಗ ಹುಡುಗಿಯರ ದೇಹಕ್ಕೆ, ಅವರ ಆಟಕ್ಕೆ ಏನು ಮಾಡುತ್ತವೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಇದಕ್ಕೊಂದು ಕಾರಣವಿದೆ. ನಮ್ಮ ನಿಧಿಯ ಅರ್ಜಿ ನಮೂನೆಯಲ್ಲಿ ಒಂದು ಸಾಲು ಇದೆ: ಮದ್ಯಪಾನದಿಂದಾಗಲಿ ಮಾದಕ ವಸ್ತುವಿನಿಂದಾಗಲಿ ಬಂದ ಕಾಯಿಲೆಗೆ ನೆರವು ಕೊಡಲಾಗುವುದಿಲ್ಲ. ಮುಂದಿನ ತಿಂಗಳ ಮಹಾಸಭೆಯಲ್ಲಿ ಆ ಸಾಲನ್ನು ತಿದ್ದಬೇಕೇ ಬೇಡವೇ ಎಂದು ನೀವು ತೀರ್ಮಾನ ಮಾಡಲಿದ್ದೀರಿ. ಹೋದ ಸಲ ಈ ಮಾತು ಬಂದಾಗ ಹಿರಿಯರೊಬ್ಬರು, "ತಾನಾಗಿ ಕುಡಿದು ಕೆಟ್ಟವನಿಗೆ ನಮ್ಮ ದುಡ್ಡು ಯಾಕೆ ಡಾಕ್ಟ್ರೇ? ಡಯಾಲಿಸಿಸ್‌ಗೆ ಕಾಯುವವರು ಸಾಲು ನಿಂತಿದ್ದಾರಲ್ಲ" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಮದ್ಯ. ಪಂದ್ಯದ ಹಿಂದಿನ ರಾತ್ರಿ ಕುಡಿಯಬಾರದು ಎಂಬುದು ನಮ್ಮ ಹುಡುಗರಿಗೆಲ್ಲ ಗೊತ್ತು. ಆದರೆ ಪಂದ್ಯ ಮುಗಿದ ಮೇಲೆ ಕುಡಿದರೆ ಏನಾಯಿತು ಎನ್ನುತ್ತಾರೆ. ಗೆದ್ದಿದ್ದೇವೆ, ನಾಳೆ ಅಭ್ಯಾಸ ಇಲ್ಲ, ಬೆವರು ಸುರಿಸಿದ್ದೇವೆ, ಒಂದು ಬಿಯರ್‌ನಲ್ಲಿ ಏನಿದೆ? ಇಡೀ ವಿಷಯದ ಗಂಟು ಇರುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ದೇಹ ಬಲ ಗಳಿಸುವುದು ಮೈದಾನದಲ್ಲಿ ಅಲ್ಲ. ಮೈದಾನದಲ್ಲಿ ದೇಹ ಸವೆಯುತ್ತದೆ. ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬಿರುಕು ಬೀಳುತ್ತವೆ, ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ, ನೀರು ಹೋಗುತ್ತದೆ. ಆಟ ಮುಗಿದ ಮೇಲಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ದೇಹ ಇದನ್ನೆಲ್ಲ ರಿಪೇರಿ ಮಾಡುತ್ತದೆ, ಮಾಡುವಾಗ ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ಕಟ್ಟುತ್ತದೆ. ತರಬೇತಿ ಎಂದರೆ ಇಷ್ಟೇ. ಮದ್ಯ ಕೈ ಹಾಕುವುದು ಸರಿಯಾಗಿ ಈ ಇಪ್ಪತ್ತನಾಲ್ಕು ಗಂಟೆಗೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಹೋಟೆಲ್ ಉದ್ಯಮದವರು ಇಲ್ಲಿ ಬಹಳ ಮಂದಿ ಇದ್ದೀರಿ, ತಪ್ಪಿದರೆ ತಿದ್ದಿ. ನಮ್ಮ ದೇಶದ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಆಲ್ಕೋಹಾಲ್. 60 ಮಿಲಿಯ ಒಂದು ಲಾರ್ಜ್ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ನೂರಕ್ಕೆ 8 ಭಾಗದ ಲೆಕ್ಕದಲ್ಲಿ, ಸುಮಾರು 40 ಗ್ರಾಂ. 'ಬಿಯರ್ ತಾನೇ' ಎಂದು ಹುಡುಗ ಕುಡಿಯುವ ಒಂದು ಬಾಟಲಿ ಎರಡು ಲಾರ್ಜ್‌ಗೆ ಸಮ ಎಂದಾಯಿತು. ನಮ್ಮ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ, ಹಾಲಿಲ್ಲದ ಕಾಫಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ಎರಡು ಬಾಟಲಿ ಮುಗಿಸಿದವನು ಭಾನುವಾರ ಬೆಳಗ್ಗೆ ಏಳಕ್ಕೆ ಮೈದಾನಕ್ಕೆ ಬಂದರೆ, ಅವನ ರಕ್ತದಲ್ಲಿ ಅದು ಇನ್ನೂ ಉಳಿದಿರಬಹುದು.

2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎಂಟು ಮಂದಿ ಗಟ್ಟಿಮುಟ್ಟಾದ ಯುವಕರಿಗೆ ಕಠಿಣ ವ್ಯಾಯಾಮ ಮಾಡಿಸಿ, ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಪಾನೀಯ ಕೊಟ್ಟು, ಅವರ ಸ್ನಾಯು ಎಷ್ಟು ವೇಗವಾಗಿ ಹೊಸ ಪ್ರೋಟೀನು ಕಟ್ಟುತ್ತದೆ ಎಂದು ಅಳೆದರು. ಪ್ರೋಟೀನು ಮಾತ್ರ ಕುಡಿದ ದಿನಕ್ಕೆ ಹೋಲಿಸಿದರೆ, ಪ್ರೋಟೀನಿನ ಜೊತೆ ಮದ್ಯವನ್ನೂ ಕುಡಿದ ದಿನ ಆ ಕೆಲಸ ನೂರಕ್ಕೆ 24ರಷ್ಟು ಕಡಿಮೆ. ಪ್ರೋಟೀನಿಲ್ಲದೆ ಸಕ್ಕರೆ ಪದಾರ್ಥದ ಜೊತೆ ಮದ್ಯ ಕುಡಿದ ದಿನ ನೂರಕ್ಕೆ 37ರಷ್ಟು ಕಡಿಮೆ. ಪ್ರಯೋಗ ಚಿಕ್ಕದು, ಕೊಟ್ಟ ಮದ್ಯ ಜಾಸ್ತಿ, ಅದನ್ನೂ ಹೇಳಬೇಕು: ಒಂದು ಕಿಲೋ ತೂಕಕ್ಕೆ ಒಂದೂವರೆ ಗ್ರಾಂ. ಆದರೆ 70 ಕಿಲೋ ತೂಕದ ಹುಡುಗನಿಗೆ ಅದು ಐದು ಲಾರ್ಜ್, ಇಲ್ಲವೇ ಎರಡೂವರೆ ಬಾಟಲಿ ಸ್ಟ್ರಾಂಗ್ ಬಿಯರ್. ಟ್ರೋಫಿ ಗೆದ್ದ ರಾತ್ರಿ ನಮ್ಮ ಹುಡುಗರು ಇದಕ್ಕಿಂತ ಕಡಿಮೆಗೆ ನಿಲ್ಲುತ್ತಾರೆಯೇ? ಹಿಂದಿನ ಸಾಲಿನಲ್ಲಿ ನಗು ಕೇಳಿಸುತ್ತಿದೆ, ಉತ್ತರ ಸಿಕ್ಕಿತು.

ಇನ್ನು ನೀರು. ದೇಹದಲ್ಲಿ ನೀರನ್ನು ಹಿಡಿದಿಡಲು ಮೆದುಳು ಒಂದು ಹಾರ್ಮೋನು ಕಳಿಸುತ್ತದೆ. ಮದ್ಯ ಅದನ್ನು ತಡೆಯುತ್ತದೆ. ಅದಕ್ಕೇ ಕುಡಿದವನು ಮತ್ತೆ ಮತ್ತೆ ಮೂತ್ರಕ್ಕೆ ಎದ್ದು ಹೋಗುವುದು. ಮೇ ತಿಂಗಳ ಮುಂಬಯಿಯಲ್ಲಿ ಒಂದು ಸುತ್ತು ಕಬಡ್ಡಿ ಆಡಿದವನ ಬನಿಯನ್ ಹಿಂಡಿದರೆ ಎಷ್ಟು ನೀರು ಬರುತ್ತದೆ ಎಂದು ತಾಯಂದಿರಿಗೆ ಗೊತ್ತು. ಅಷ್ಟು ಕಳೆದುಕೊಂಡವನು ಬಾಯಾರಿಕೆಗೆಂದು ಮದ್ಯ ಕುಡಿದರೆ ಇನ್ನಷ್ಟು ಕಳೆದುಕೊಳ್ಳುತ್ತಾನೆ. ನಿದ್ರೆಯದೂ ಇದೇ ಕತೆ. ಕುಡಿದರೆ ಬೇಗ ನಿದ್ರೆ ಹತ್ತುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಆ ನಿದ್ರೆ ಚೂರುಚೂರಾಗುತ್ತದೆ. ಆಳವಾದ ನಿದ್ರೆಯಲ್ಲಿ ಹೊರಬರುವ ಬೆಳವಣಿಗೆಯ ಹಾರ್ಮೋನು ತಗ್ಗುತ್ತದೆ. ಆ ದಿನ ಕಲಿತ ಹೊಸ ಪಟ್ಟು ಮೆದುಳಿನಲ್ಲಿ ಕೂರಲು ಬೇಕಾದ ಕನಸಿನ ನಿದ್ರೆಯೂ ಕಡಿಮೆಯಾಗುತ್ತದೆ. ಎಂಟು ಗಂಟೆ ಮಲಗಿದ್ದೆ, ಆದರೂ ಮೈ ಭಾರ ಎನ್ನುತ್ತಾರಲ್ಲ, ಇದೇ ಕಾರಣ. ಪಾದ ಉಳುಕಿದ್ದರೆ ಇನ್ನೂ ಒಂದು ತೊಂದರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ನೋವನ್ನು ಮರೆಸುತ್ತದೆ. ಬಾವು ಬಂದ ಕಾಲಿನಲ್ಲೇ ಹುಡುಗ ಕುಣಿದು ಬರುತ್ತಾನೆ.

ಇಷ್ಟೆಲ್ಲ ಆಗುತ್ತಿದ್ದರೂ ಅವರಿಗೆ ಯಾಕೆ ಗೊತ್ತಾಗುವುದಿಲ್ಲ? ಮರುದಿನದ ಆಟ ಅಷ್ಟೇನೂ ಕೆಡುವುದಿಲ್ಲ, ಅದಕ್ಕೆ. ಹತ್ತೊಂಬತ್ತು ವರ್ಷದ ದೇಹ ಬಹಳ ಸಾಲ ಕೊಡುತ್ತದೆ. ಎತ್ತುವ ತೂಕ ಎತ್ತುತ್ತಾನೆ, ಓಡುವ ವೇಗ ಓಡುತ್ತಾನೆ. ಹೋಗುವುದು ಬೇರೆ. ಮೂರು ತಿಂಗಳ ತರಬೇತಿಯಿಂದ ಬರಬೇಕಾದ ಸುಧಾರಣೆ ಬರುವುದಿಲ್ಲ. ವಾಸಿಯಾಗಬೇಕಾದ ಗಾಯ ವಾಸಿಯಾಗುವುದಿಲ್ಲ. ಇಲ್ಲದೇ ಹೋದದ್ದನ್ನು ಯಾರೂ ನೋಡುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಳ್ಳೆಯ ರೈಡರ್. ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಸಿಗುತ್ತದೆ ಎಂದು ಮನೆಯವರೆಲ್ಲ ಕಾದಿದ್ದರು. ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್ ಎನ್ನುತ್ತೇವಲ್ಲ, ಅದು ಒಂದೇ ಋತುವಿನಲ್ಲಿ ಮೂರು ಸಲ ಹರಿಯಿತು. ಎಂಆರ್‌ಐ ಮಾಡಿಸಿದೆವು, ವ್ಯಾಯಾಮ ಕೊಟ್ಟೆವು, ಬೂಟು ಬದಲಿಸಿದೆವು. ಅವನ ಅಮ್ಮ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು, ಹಾಗಾಗಿ ಅವನು ಬಾಯಿ ಬಿಡಲಿಲ್ಲ. ನಾಲ್ಕನೇ ಸಲ ಒಬ್ಬನೇ ಬಂದ. "ವಾರಕ್ಕೆ ಎಷ್ಟು ರಾತ್ರಿ ಮಾರಾಯ?" ಎಂದು ಕೇಳಿದೆ. ತಲೆ ತಗ್ಗಿಸಿ, "ಮೊದಲು ಶನಿವಾರ ಮಾತ್ರ ಇತ್ತು ಮೇಡಮ್, ಈಗ ನಾಲ್ಕೈದು ದಿನ. ಕಾಲು ನೋವಿಗೆ ನಿದ್ದೆ ಬರೋದಿಲ್ಲ, ಅದಕ್ಕೆ" ಎಂದ. ನೋವಿಗೆ ಕುಡಿಯುತ್ತಾನೆ, ಕುಡಿದದ್ದಕ್ಕೆ ನೋವು ವಾಸಿಯಾಗುವುದಿಲ್ಲ. ಇಪ್ಪತ್ತೆರಡರ ಹೊತ್ತಿಗೆ ಆಯ್ಕೆಯ ವಯಸ್ಸು ದಾಟುತ್ತಿತ್ತು. ಆ ನೌಕರಿ ಅವನ ಕೈಗೆ ಬರಲಿಲ್ಲ. ಸದ್ಯ ಕುಡಿತ ಬಿಟ್ಟಿದ್ದಾನೆ, ಬೇರೆ ಕೆಲಸದಲ್ಲಿದ್ದಾನೆ. ಆದರೆ ಚಿಕಿತ್ಸೆಗೆ ನಮ್ಮ ನಿಧಿಯ ಬಾಗಿಲು ತಟ್ಟಿದಾಗ ನಾನು ಮೊದಲೇ ಹೇಳಿದ ಆ ಸಾಲು ಅಡ್ಡ ಬಂತು. ಅಮ್ಮ ಬಳೆ ಒತ್ತೆ ಇಟ್ಟರು.

ಇಲ್ಲಿ ಒಂದು ಮಾತು ನೇರವಾಗಿ ಆಡುತ್ತೇನೆ. ನಮ್ಮ ದಾನಿಗಳಲ್ಲಿ ಹಲವರು ಬಾರ್ ಅಂಡ್ ರೆಸ್ಟೋರೆಂಟ್ ನಡೆಸುವವರು. ಊರಿನಿಂದ ಬರಿಗೈಯಲ್ಲಿ ಬಂದು, ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ನನ್ನ ತಂದೆಯೂ ರಾತ್ರಿ ಶಾಲೆಯವರೇ. ನಿಮ್ಮ ದುಡ್ಡು ಪಾಪದ್ದು ಎಂದು ನಾನು ಹೇಳುವುದಿಲ್ಲ. ಈ ನಿಧಿಯಿಂದ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕಣ್ಣಾರೆ ಕಂಡವಳು ನಾನು. ಆದರೆ ಮಹಾರಾಷ್ಟ್ರದ ಕಾನೂನಿನಲ್ಲಿ ಬಿಯರು, ವೈನಿಗೆ ವಯಸ್ಸು 21, ವಿಸ್ಕಿ ರಮ್ಮಿಗೆ 25 ಎಂಬುದು ನಿಮಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನಮ್ಮ ಪಂದ್ಯಾವಳಿಯಲ್ಲಿ ಆಡುವವರಲ್ಲಿ ಅರ್ಧದಷ್ಟು ಮಂದಿ ಆ ವಯಸ್ಸಿನ ಒಳಗಿನವರು. ಗೆದ್ದ ತಂಡಕ್ಕೆ 'ಪಾರ್ಟಿ ನನ್ನದು' ಎಂದು ಪ್ರೀತಿಯಿಂದ ಹೇಳುವ ಬದಲು ಊಟ ಹಾಕಿಸಿ. ನೀರ್‌ದೋಸೆ, ಕೋಳಿಸಾರು, ಮೊಟ್ಟೆ, ಎಳನೀರು. ಆಟವಾಡಿ ಬಂದವನಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಗಾಂಜಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು 'ಗಿಡಮೂಲಿಕೆ, ತೊಂದರೆ ಇಲ್ಲ' ಎಂಬ ಮಾತು ಕಾಲೇಜುಗಳಲ್ಲಿ ಓಡಾಡುತ್ತಿದೆ. ಕಣ್ಣು ಕಂಡದ್ದಕ್ಕೆ ಕೈ ಕಾಲು ಉತ್ತರ ಕೊಡುವ ವೇಗ ಅದರಿಂದ ತಗ್ಗುತ್ತದೆ. ಮೂವತ್ತು ಸೆಕೆಂಡಿನ ರೈಡಿನಲ್ಲಿ, ಬ್ಯಾಟ್ ಎತ್ತುವ ಅರೆಕ್ಷಣದಲ್ಲಿ ಅದೇ ಬಂಡವಾಳ. ಅದು ಕೊಬ್ಬಿನಲ್ಲಿ ಕೂತು ಬಿಡುವುದರಿಂದ ದಿನವೂ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಸಿಗುತ್ತದೆ. 2021ರಲ್ಲಿ ಅಮೆರಿಕದ ಓಟಗಾರ್ತಿ ಶಕ್ಯಾರಿ ರಿಚರ್ಡ್‌ಸನ್ ಆಯ್ಕೆ ಪಂದ್ಯದ 100 ಮೀಟರ್ ಗೆದ್ದರೂ ಇದೇ ಕಾರಣಕ್ಕೆ ಒಂದು ತಿಂಗಳ ನಿಷೇಧಕ್ಕೆ ಒಳಗಾಗಿ ಟೋಕಿಯೊ ಒಲಿಂಪಿಕ್ಸ್ ಕಳೆದುಕೊಂಡಳು. ಹೆತ್ತ ತಾಯಿ ತೀರಿಕೊಂಡ ಸುದ್ದಿ ಬಂದ ಹೊತ್ತಿನಲ್ಲಿ ಸೇದಿದ್ದೆ ಎಂದು ಅವಳೇ ಹೇಳಿಕೊಂಡಳು. ಎರಡು ವರ್ಷದ ನಂತರ, 2023ರಲ್ಲಿ, ಬುಡಾಪೆಸ್ಟ್‌ನಲ್ಲಿ ಅದೇ ಓಟದಲ್ಲಿ ವಿಶ್ವ ಚಾಂಪಿಯನ್ ಆದಳು. ನಿಯಮ ಅವಳನ್ನು ಒಂದು ತಿಂಗಳು ಹೊರಗಿಟ್ಟಿತು, ಬಿಸಾಡಲಿಲ್ಲ. ಈ ಭೇದವನ್ನು ನೆನಪಿಟ್ಟುಕೊಳ್ಳಿ, ನಮ್ಮ ನಿಧಿಯ ವಿಷಯಕ್ಕೆ ಬೇಕಾಗುತ್ತದೆ.

ನನಗೆ ಈಗ ಹೆಚ್ಚು ಭಯ ಹುಟ್ಟಿಸುತ್ತಿರುವುದು ಸಿರಿಂಜು. ಮೆಫೆಂಟರ್ಮಿನ್ ಎಂಬ ಔಷಧವಿದೆ. ಆಪರೇಷನ್ ಟೇಬಲ್ಲಿನ ಮೇಲೆ, ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಬಿದ್ದರೆ ಏರಿಸಲು ಕೊಡುವಂಥದ್ದು. ಅದನ್ನು ಜಿಮ್ಮುಗಳಲ್ಲಿ ವ್ಯಾಯಾಮಕ್ಕೆ ಮೊದಲು ಚುಚ್ಚಿಕೊಳ್ಳುತ್ತಾರೆ. ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕೆ ಮೊದಲು ಚುಚ್ಚಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಅದು ಶಕ್ತಿ ಕೊಡುವುದಿಲ್ಲ, ದಣಿವು ಗೊತ್ತಾಗದ ಹಾಗೆ ಮಾಡುತ್ತದೆ. ಹೃದಯ ಹುಚ್ಚೆದ್ದು ಬಡಿಯುತ್ತದೆ. ನಿಲ್ಲು ಎಂದು ದೇಹ ಕೂಗುವುದು ಕಿವಿಗೆ ಬೀಳುವುದಿಲ್ಲ. ಬಿಸಿಲಿನಲ್ಲಿ ಓಡಿದರೆ ಹೀಟ್‌ಸ್ಟ್ರೋಕ್, ಕೆಲವರಲ್ಲಿ ಹೃದಯದ ಲಯ ತಪ್ಪುವುದು, ಬಳಸುತ್ತ ಹೋದಂತೆ ಚಟ, ಅನುಮಾನ, ಭ್ರಮೆ. ಒಂದೇ ಸೂಜಿಯನ್ನು ನಾಲ್ವರು ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ. ಮೆಡಿಕಲ್ ಸ್ಟೋರ್ ಇಟ್ಟಿರುವ ಸದಸ್ಯರಿದ್ದರೆ ಕೈ ಮುಗಿದು ಕೇಳುತ್ತೇನೆ: ಆಸ್ಪತ್ರೆಯ ಚೀಟಿ ಇಲ್ಲದೆ ಆ ವಯಲ್ ಕೌಂಟರ್ ದಾಟದಿರಲಿ.

ಇನ್ನು ಸ್ಟೆರಾಯ್ಡು. ಮೈ ಕಟ್ಟು ಬೇಗ ಬರುತ್ತದೆ ಎಂಬುದು ಸುಳ್ಳಲ್ಲ, ಅದಕ್ಕೇ ಅದು ಅಪಾಯ. ಹೊರಗಿನಿಂದ ಹಾರ್ಮೋನು ಬಂದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ಹುಡುಗನಿಗೆ ಎದೆ ಬೆಳೆಯುತ್ತದೆ. ಹದಿನಾರು ಹದಿನೇಳರಲ್ಲಿ ತೆಗೆದುಕೊಂಡರೆ ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಭಾಗ ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಸ್ನಾಯು ಉಬ್ಬಿದಷ್ಟು ಅದನ್ನು ಎಲುಬಿಗೆ ಕಟ್ಟುವ ನಾರು ಗಟ್ಟಿಯಾಗುವುದಿಲ್ಲ, ಹರಿಯುತ್ತದೆ. ಹೃದಯದ ಗೋಡೆ ದಪ್ಪವಾಗುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲಿ ರಾಜ್ಯ ಮಟ್ಟದ ಅಥ್ಲೆಟಿಕ್ ಕೂಟ ನಡೆಯುತ್ತಿತ್ತು. ಉದ್ದೀಪನ ಮದ್ದು ಪರೀಕ್ಷೆ ಮಾಡುವ ನಾಡಾ ಸಂಸ್ಥೆಯ ಅಧಿಕಾರಿಗಳು ಬಂದಿದ್ದಾರೆ ಎಂದು ಸುದ್ದಿಯಾಯಿತು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಎಂಟು ಮಂದಿ ನಿಲ್ಲಬೇಕಿದ್ದ ಕಡೆ ಒಬ್ಬನೇ ಓಡಿದ. ಒಬ್ಬಳು ಕಿರಿಯ ಓಟಗಾರ್ತಿ ಅಂತಿಮ ಗೆರೆ ದಾಟಿದ ಮೇಲೂ ನಿಲ್ಲದೆ ಓಡಿಹೋದಳು, ಅಧಿಕಾರಿ ಅವಳ ಹಿಂದೆ ಓಡಿದರು. ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದವು. ಪತ್ರಿಕೆಗಳಲ್ಲಿ ಇದನ್ನು ಓದಿ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ವರ್ಷ ನಮ್ಮ ದೇಶದಲ್ಲಿ 5,606 ಮಾದರಿಗಳ ಪರೀಕ್ಷೆಯಾಗಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ನೂರಕ್ಕೆ 3.8. ಪರೀಕ್ಷೆಗೆ ಸಿಗುವುದು ದೊಡ್ಡ ಕೂಟಗಳ ಆಟಗಾರರು. ಗಲ್ಲಿಯ ಜಿಮ್ಮಿನ ಹುಡುಗನನ್ನು ಯಾರೂ ಪರೀಕ್ಷಿಸುವುದಿಲ್ಲ. ಅವನು ಬರುವುದು ನೇರ ಆಸ್ಪತ್ರೆಗೆ.

ಬೇಕೆಂದೇ ತೆಗೆದುಕೊಳ್ಳದವರೂ ಸಿಕ್ಕಿಬೀಳುತ್ತಾರೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರನ್ನು ಇಲ್ಲಿ ನೆನಪಿಲ್ಲದವರು ಯಾರಿದ್ದೀರಿ? 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ನಮ್ಮ ಮನೆಗಳಲ್ಲಿ ಆ ವಾರ ಹಬ್ಬ. ಮರು ವರ್ಷ ಅವರೂ ಕೆಲವು ಸಹ ಆಟಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಎಂಬ ಪೂರಕದಿಂದ ಬಂದದ್ದು ಎಂದು ಅವರು ಹೇಳಿದರು. ವಿಚಾರಣಾ ಸಮಿತಿ ಆ ಮಾತನ್ನು ಒಪ್ಪಿಯೂ ಒಂದು ವರ್ಷ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈ ತಪ್ಪಿತು. ನಿಯಮ ಕಟುವಾಗಿದೆ: ದೇಹದೊಳಗೆ ಏನು ಸಿಕ್ಕರೂ ಅದಕ್ಕೆ ಆಟಗಾರನೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೇ ಇಲ್ಲವೇ ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಮಾತ್ರ ಸಂಬಂಧಿಸಿದ್ದು. ನಮ್ಮ ಮುಂಬಯಿಯ ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಎಂಟು ತಿಂಗಳು ಹೊರಗುಳಿದದ್ದು ಕೆಮ್ಮಿನ ಸಿರಪ್ಪಿನಿಂದ. ಟರ್ಬುಟಲಿನ್ ಎಂಬ ವಸ್ತು ಅದರಲ್ಲಿತ್ತು. ನಮ್ಮೆಲ್ಲರ ಮನೆಯ ಫ್ರಿಜ್ಜಿನ ಮೇಲೆ ಅಂಥದ್ದೊಂದು ಬಾಟಲಿ ಇರುತ್ತದೆ. ತೀರ ನೋವಿಗೆ ಬರೆದುಕೊಡುವ ಟ್ರಾಮಡಾಲ್ ಮಾತ್ರೆಯೂ 2024ರಿಂದ ಪಂದ್ಯದ ಸಮಯದಲ್ಲಿ ನಿಷಿದ್ಧ. ಜಿಲ್ಲಾ ಮಟ್ಟದ ಮೇಲೆ ಆಡುವ ಮಕ್ಕಳ ತಂದೆ ತಾಯಿಗಳೇ, ಜ್ವರ ಕೆಮ್ಮಿಗೂ ಡಾಕ್ಟರಿಗೆ 'ಇವನು ಪಂದ್ಯ ಆಡುವವನು' ಎಂದು ಹೇಳಿ. ನಾಡಾದವರ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡಬಹುದು. ಜಿಮ್ಮಿನವನು ಲೇಬಲ್ಲಿಲ್ಲದ ಡಬ್ಬಿಯಲ್ಲಿ ಕೊಡುವ ಪುಡಿಯನ್ನಂತೂ ಮನೆಯೊಳಗೆ ತರಬೇಡಿ.

ಗುಟ್ಕಾ, ಮಾವಾ ಬಗ್ಗೆ ಬೇರೆಯೇ ಸಭೆ ಬೇಕು. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧವಿದ್ದರೂ, ಇಪ್ಪತ್ತರ ಹರೆಯದಲ್ಲೇ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಾಗದ ವಾಲಿಬಾಲ್ ಆಟಗಾರರನ್ನು ನಾನು ನೋಡುತ್ತಿದ್ದೇನೆ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಮನೆಯವರು ಏನು ನೋಡಬೇಕು? ವಾಸನೆ ಹುಡುಕಬೇಡಿ, ಅದನ್ನು ಮುಚ್ಚುವುದು ಅವರಿಗೆ ಗೊತ್ತು. ಒಂದೇ ಗಾಯ ಮತ್ತೆ ಮತ್ತೆ ಆಗುತ್ತಿದೆಯೇ, ಬೆಳಗಿನ ಅಭ್ಯಾಸ ತಪ್ಪುತ್ತಿದೆಯೇ, ಮೊದಲು ಜೀವ ಬಿಡುತ್ತಿದ್ದ ಆಟದ ಮಾತು ಮನೆಯಲ್ಲಿ ನಿಂತಿದೆಯೇ, ಒಮ್ಮೆಗೇ ಮೈ ಉಬ್ಬಿ ಮುಖ ಬೆನ್ನಿನ ಮೇಲೆ ಮೊಡವೆ ತುಂಬಿದೆಯೇ, ಮಾತಿಗೆ ಮುಂಚೆ ಸಿಟ್ಟೇ. ಇವು ಕಂಡರೆ ಕೂರಿಸಿ ಕೇಳಿ. ನೆಂಟರ ಮುಂದೆ ಅಲ್ಲ. ದಿನವೂ ಜಾಸ್ತಿ ಕುಡಿಯುವವನಾದರೆ 'ಇವತ್ತಿನಿಂದಲೇ ಬಿಡು' ಎಂದು ಕೋಣೆಯಲ್ಲಿ ಕೂಡಿಹಾಕಬೇಡಿ. ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಮತಿಭ್ರಮಣೆ ಬರಬಹುದು, ಪ್ರಾಣವೂ ಹೋಗಬಹುದು. ಡಾಕ್ಟರ ಕೈಯಲ್ಲಿ, ಔಷಧದ ಆಸರೆಯಲ್ಲಿ ಬಿಡಿಸಬೇಕು. ಕೆಇಎಂ, ನಾಯರ್, ಸಯನ್‌ನಂಥ ಮಹಾನಗರಪಾಲಿಕೆಯ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಚಿಕಿತ್ಸೆ ಸಿಗುತ್ತದೆ. ಪುಣೆಯಲ್ಲಿ 1986ರಿಂದ ನಡೆಯುತ್ತಿರುವ ಮುಕ್ತಾಂಗಣ ಇದೆ. ಊರಿಗೆ ಹೋಗಿ ಇರಬಲ್ಲವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ಫೋನಿನಲ್ಲೇ ಮೊದಲು ಮಾತಾಡಬೇಕೆನ್ನುವವರಿಗೆ ಟೆಲಿ ಮಾನಸ್ 14416. ವ್ಯಸನಮುಕ್ತಿಗೆಂದೇ ಇರುವ ಸರ್ಕಾರದ ಸಹಾಯವಾಣಿ 14446.

ಈಗ ಆ ಹಿರಿಯರ ಪ್ರಶ್ನೆ. ಆ ಸಾಲನ್ನು ಬರೆದ ಕಾಲದಲ್ಲಿ ನಿಧಿಯಲ್ಲಿ ದುಡ್ಡು ಕಡಿಮೆ ಇತ್ತು, ಹೃದಯದಲ್ಲಿ ರಂಧ್ರವಿರುವ ಮಕ್ಕಳಿಗೆ, ಕ್ಯಾನ್ಸರ್ ರೋಗಿಗಳಿಗೆ ಮೊದಲು ಕೊಡಬೇಕು ಎಂದು ಹಿರಿಯರು ಹಾಕಿದ ಗೆರೆ ಅದು. ಅವರು ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾನೂನು ಕಾಯಿಲೆ ಎಂದದ್ದನ್ನು ನಮ್ಮ ನಮೂನೆ ನಡತೆ ಎನ್ನುತ್ತಿದೆ. ಕಾನೂನಿನ ಮಾತು ಹಾಗಿರಲಿ, ದುಡ್ಡಿನ ಲೆಕ್ಕವನ್ನೇ ನೋಡಿ. ಇಪ್ಪತ್ತರಲ್ಲಿ ಶುರುವಾದ ಕುಡಿತ ಲಿವರನ್ನು ಪೂರ್ತಿ ಕೆಡಿಸಲು ಸಾಮಾನ್ಯವಾಗಿ ಹತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಆ ಹೊತ್ತಿಗೆ ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗಿ ಐಸಿಯು ಸೇರುತ್ತಾನೆ. ಆಗ ಅರ್ಜಿ ಅವನ ಹೆಸರಿನಲ್ಲಿ ಬರುವುದಿಲ್ಲ, ಸರಿ. ಮಗಳ ಶಾಲೆಯ ಫೀಸಿಗೆ, ವಿಧವೆಯ ಮಾಸಾಶನಕ್ಕೆ ಬರುತ್ತದೆ. ಅದನ್ನು ನಾವು ಕೊಡುತ್ತಲೇ ಇದ್ದೇವೆ. ಇಪ್ಪತ್ತರಲ್ಲಿ ಹಿಡಿದರೆ ಬೇಕಾಗುವುದು ಒಂದಿಷ್ಟು ರಕ್ತ ಪರೀಕ್ಷೆ, ಔಷಧ, ಕೆಲವು ತಿಂಗಳ ಆಪ್ತ ಸಮಾಲೋಚನೆ, ಹೋಗಿ ಬರುವ ರೈಲಿನ ಖರ್ಚು, ತಪ್ಪಿಹೋಗುವ ದಿನಗೂಲಿ. ಡಯಾಲಿಸಿಸ್‌ನವರ ಪಾಲಿನಿಂದ ಒಂದು ರೂಪಾಯಿಯನ್ನೂ ಇದಕ್ಕೆ ತೆಗೆಯಬೇಡಿ ಎಂದು ನಾನೇ ಸಮಿತಿಗೆ ಹೇಳಿದ್ದೇನೆ. ಇದಕ್ಕೆಂದೇ ಪ್ರತ್ಯೇಕ ಖಾತೆ ಇರಲಿ, ಇದಕ್ಕೆಂದೇ ಕೊಡುವವರು ಕೊಡಲಿ.

ಸಮಿತಿಯ ಮುಂದಿರುವ ಪ್ರಸ್ತಾವ ಇಷ್ಟು. ಮೂವತ್ತು ವರ್ಷದೊಳಗಿನ ಸದಸ್ಯರಿಗೆ, ಸದಸ್ಯರ ಮಕ್ಕಳಿಗೆ, ನಮ್ಮ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗೂ, ವ್ಯಸನಮುಕ್ತಿ ಚಿಕಿತ್ಸೆಗೆ ಮೊದಲ ಆರು ತಿಂಗಳು ನೆರವು. ವೈದ್ಯರ ಪತ್ರ ಬೇಕು. ಹೆಸರು ವೈದ್ಯಕೀಯ ಉಪಸಮಿತಿಯ ಇಬ್ಬರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು; ಈ ಪತ್ರಿಕೆಯಲ್ಲಿ ಫಲಾನುಭವಿಗಳ ಪಟ್ಟಿ ಅಚ್ಚಾಗುವಾಗಲೂ ಆ ಹೆಸರು ಬರದು. ಮದುವೆ ಮಾತುಕತೆ ನಡೆಯುವ ಮನೆಗಳಿವೆ, ನಮ್ಮ ಸಮಾಜ ಎಷ್ಟು ಸಣ್ಣದು ಎಂದು ನಿಮಗೆ ಗೊತ್ತು. ಚಿಕಿತ್ಸೆಗೆ ಬಂದ ಆಟಗಾರನನ್ನು ಸಂಘದ ತಂಡದಿಂದ ತೆಗೆಯುವಂತಿಲ್ಲ. ವೈದ್ಯರು ಒಪ್ಪಿದ ದಿನದಿಂದ ಅಭ್ಯಾಸಕ್ಕೆ ಸೇರಿಸಿಕೊಳ್ಳಬೇಕು. ಈ ಕೊನೆಯ ಷರತ್ತಿಗೆ ಸಮಿತಿಯಲ್ಲೂ ವಿರೋಧವಿದೆ. ನಾನು ಪಟ್ಟು ಹಿಡಿದಿದ್ದೇನೆ, ಯಾಕೆಂದರೆ ತಂಡದಿಂದ ತೆಗೆಯುತ್ತಾರೆ ಎಂದಾದರೆ ಒಬ್ಬನೂ ಬಂದು ಬಾಯಿ ಬಿಡುವುದಿಲ್ಲ.

ಪ್ರಸ್ತಾವದ ಪ್ರತಿಗಳು ಖಜಾಂಚಿಗಳ ಮೇಜಿನ ಮೇಲಿವೆ, ಓದಿ ಮಹಾಸಭೆಗೆ ಬನ್ನಿ. ಪ್ರತ್ಯೇಕ ಖಾತೆಗೆ ಕೊಡಬಯಸುವವರು ರಸೀದಿಯ ಮೇಲೆ 'ಯುವ ಚಿಕಿತ್ಸೆ' ಎಂದು ಬರೆಸಿಕೊಳ್ಳಿ. ಹಿಂದಿನ ಸಾಲಿನವರಿಗೆ ಒಂದು ಮಾತು: ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ನಾನು ಸಂಘದ ಮೇಲಿನ ಮಹಡಿಯ ಕೋಣೆಯಲ್ಲಿ ಇರುತ್ತೇನೆ. ಕಾಲು ನೋವು ಎಂದು ಹೇಳಿಯೇ ಬನ್ನಿ, ಒಬ್ಬೊಬ್ಬರೇ ಬನ್ನಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.